‘ಐ7, 4 ಜಿಬಿ ಗ್ರಾಫಿಕ್ಸ್, 500 ವ್ಯಾಟ್’: ಈ ಕೊಟೇಷನ್ ಒಪ್ಪಬಹುದೇ?

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿಯವನು, ಬಿಸಿಎ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಗೇಮಿಂಗ್‌ಗೆಂದು ಮೊದಲ ಬಾರಿಗೆ ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದಿದ್ದೇನೆ. ಮಾನಿಟರ್ ಸೇರಿ 75 ಸಾವಿರ ರೂಪಾಯಿ ಮೀರುವಂತಿಲ್ಲ. ಕೀಬೋರ್ಡ್, ಮೌಸ್ ಇವೆ. ಹೆಚ್ಚಾಗಿ ಆಡುವುದು ವ್ಯಾಲರಂಟ್. ಜಿಟಿಎ 5, ಸೈಬರ್‌ಪಂಕ್ 2077 ಆಡುವ ಆಸೆಯೂ ಇದೆ. ಒಂದು ಅಂಗಡಿಯವರು ‘ಕೋರ್ ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, 500 ವ್ಯಾಟ್ ಎಸ್‌ಎಂಪಿಎಸ್, ಆರ್‌ಜಿಬಿ ಕ್ಯಾಬಿನೆಟ್’ ಎಂದು ಚೀಟಿಯಲ್ಲಿ ಬರೆದು, 38 ಸಾವಿರಕ್ಕೆ ಕೊಡುತ್ತೇವೆ, ಉಳಿದ ಹಣದಲ್ಲಿ ದೊಡ್ಡ ಮಾನಿಟರ್ ತೆಗೆದುಕೊಳ್ಳಿ ಎಂದಿದ್ದಾರೆ. ಒಪ್ಪಬಹುದೇ? ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಂಡರೆ ಹೇಗೆ? ನಮ್ಮಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ, ಅದು ಸಾಕೇ?

ಉತ್ತರ: ಒಪ್ಪಬೇಡಿ. ಆ ಚೀಟಿಯಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಆರು ವಸ್ತುಗಳ ಹೆಸರಿದ್ದೂ ಒಂದಕ್ಕೂ ಪೂರ್ತಿ ಮಾದರಿ ಸಂಖ್ಯೆ ಇಲ್ಲ. ಈ ವ್ಯಾಪಾರದಲ್ಲಿ ಗ್ರಾಹಕರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಬರೆಯದೆ ಬಿಟ್ಟ ಅಂಕಿಗಳಿಂದ. ಹಾಗಾಗಿ ಮೊದಲು ಆ ಚೀಟಿಯನ್ನೇ ಓದೋಣ. ನಿಮ್ಮ 75 ಸಾವಿರದ ಲೆಕ್ಕ ಆಮೇಲೆ.

‘ಕೋರ್ ಐ7’ ಎಂಬ ಹೆಸರನ್ನು ಇಂಟೆಲ್ 2008ರಲ್ಲಿ ಬಳಕೆಗೆ ತಂದಿತು. ಅಂದಿನಿಂದ ಎಷ್ಟೋ ಪೀಳಿಗೆಯ ಪ್ರೊಸೆಸರ್‌ಗಳು ಅದೇ ಹೆಸರಿನಲ್ಲಿ ಬಂದುಹೋಗಿವೆ. 38 ಸಾವಿರಕ್ಕೆ ‘ಐ7 ಗೇಮಿಂಗ್ ಕಂಪ್ಯೂಟರ್’ ಕೊಡುತ್ತೇವೆ ಎಂದರೆ ಅದು ಬಹುಮಟ್ಟಿಗೆ ಐ7-3770 ಅಥವಾ ಅದರ ಆಸುಪಾಸಿನದು. 2012ರ ಏಪ್ರಿಲ್‌ನಲ್ಲಿ ಬಂದ, ಡಿಡಿಆರ್3 ರ‍್ಯಾಮ್ ಕಾಲದ ಪ್ರೊಸೆಸರ್ ಅದು. ಹಳೆಯ ಕಂಪ್ಯೂಟರ್‌ಗಳಿಂದ ಕಳಚಿದ್ದನ್ನು ಎಚ್61 ಚಿಪ್‌ಸೆಟ್‌ನ, ಹೆಸರೇ ಕೇಳಿರದ ಕಂಪನಿಯ ಹೊಸ ಮದರ್‌ಬೋರ್ಡ್ (ಎಲ್ಲ ಭಾಗಗಳನ್ನೂ ಸೇರಿಸುವ ಮುಖ್ಯ ಹಲಗೆ) ಮೇಲೆ ಕೂರಿಸಿ ಮಾರುತ್ತಾರೆ. ಆ ಪ್ರೊಸೆಸರ್‌ಗಿರುವುದು ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). 2022ರ ಜನವರಿಯಲ್ಲಿ ಬಂದ ಐ3-12100ಎಫ್‌ಗೂ ಅಷ್ಟೇ ಕೋರ್, ಅಷ್ಟೇ ಥ್ರೆಡ್. ಆದರೆ ಒಂದೊಂದು ಕೋರ್ ಮಾಡುವ ಕೆಲಸದಲ್ಲಿ ಹತ್ತು ವರ್ಷಗಳ ಅಂತರವಿದೆ. ಆಟಗಳಲ್ಲಿ ಆ ‘ಐ3’ ಈ ‘ಐ7’ ಅನ್ನು ಬಹಳ ಹಿಂದೆ ಬಿಡುತ್ತದೆ.

ವೇಗ ಹೇಗೋ ನಡೆಯುತ್ತದೆ ಎಂದುಕೊಂಡರೂ ಇನ್ನೊಂದು ತೊಡಕಿದೆ. ವಿಂಡೋಸ್ 11 ಅಧಿಕೃತವಾಗಿ ಬೆಂಬಲಿಸುವುದು ಇಂಟೆಲ್‌ನ 8ನೇ ಪೀಳಿಗೆ ಮತ್ತು ಅದರ ನಂತರದ ಪ್ರೊಸೆಸರ್‌ಗಳನ್ನು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೀವು ಹೆಚ್ಚಾಗಿ ಆಡುವ ವ್ಯಾಲರಂಟ್, ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದಷ್ಟೇ ಯಂತ್ರ ಶುರುವಾಗುವ ವ್ಯವಸ್ಥೆ) ಎರಡೂ ಚಾಲೂ ಇದ್ದರೆ ಮಾತ್ರ ತೆರೆಯುತ್ತದೆ. ಅಂದರೆ ಅಡ್ಡದಾರಿ ಹಿಡಿದು ಆ ಯಂತ್ರಕ್ಕೆ ವಿಂಡೋಸ್ 11 ಹಾಕಿದರೂ ನಿಮ್ಮ ಮೆಚ್ಚಿನ ಆಟವೇ ಬಾಗಿಲು ಮುಚ್ಚಿಕೊಳ್ಳಬಹುದು.

ಇನ್ನು ‘4 ಜಿಬಿ ಗ್ರಾಫಿಕ್ಸ್’. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಜಿಟಿ 730, 2014ರ ಕಾರ್ಡ್. ಅದಕ್ಕೆ 4 ಜಿಬಿ ಮೆಮೊರಿ ಅಂಟಿಸಿರುವುದು ನಿಜ. ಆದರೆ 64 ಬಿಟ್ ದಾರಿಯ ಡಿಡಿಆರ್3 ಮೆಮೊರಿಯಿಂದ ಸೆಕೆಂಡಿಗೆ ಸಾಗುವ ದತ್ತಾಂಶ 14.4 ಜಿಬಿ ಮಾತ್ರ. ಆರ್‌ಟಿಎಕ್ಸ್ 4060ರಲ್ಲಿ ಅದು 272 ಜಿಬಿ. ತೊಟ್ಟಿ ದೊಡ್ಡದಿದ್ದು ನಲ್ಲಿ ಬೆರಳಿನಷ್ಟು ಸಣ್ಣದಾದರೆ ಕೊಡ ತುಂಬುವುದು ಯಾವಾಗ? ಜಿಬಿ ಎಂಬುದು ತೊಟ್ಟಿಯ ಅಳತೆ. ಕಾರ್ಡಿನ ಬೆಲೆ ಕಟ್ಟಬೇಕಾದದ್ದು ಮಾದರಿಯ ಹೆಸರಿನಿಂದ, ಜಿಬಿಯನ್ನು ನೋಡುವುದು ಆಮೇಲೆ. ಮಾದರಿಯ ಹೆಸರೂ ಪೂರ್ತಿ ಇರಬೇಕು. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯದೂ 6 ಜಿಬಿಯದೂ ಇವೆ. ವ್ಯತ್ಯಾಸ ಮೆಮೊರಿಯಲ್ಲಷ್ಟೇ ಎಂದು ತಿಳಿಯಬೇಡಿ, 6 ಜಿಬಿ ಕಾರ್ಡಿನ ಒಳಗಿನ ಕೋರ್‌ಗಳೇ ಕಡಿಮೆ, ಮೆಮೊರಿಯ ದಾರಿಯೂ ಕಿರಿದು.

ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಪೆಟ್ಟಿಗೆ, ಅದರ 500 ವ್ಯಾಟ್‌ನ ಸಂಗತಿಯನ್ನು ಕರೆಂಟಿನ ಪ್ರಶ್ನೆಯ ಜೊತೆಗೇ ನೋಡೋಣ.

ಈಗ ನಿಮ್ಮ ಲೆಕ್ಕ. ಹೆಚ್ಚಿನವರು ಪ್ರೊಸೆಸರ್‌ನಿಂದ ಶುರುಮಾಡುತ್ತಾರೆ, ಹಣ ಉಳಿದರೆ ಕೊನೆಗೊಂದು ಮಾನಿಟರ್. ನಾನು ಹೇಳುವುದು ತಿರುವುಮುರುವು: ಪರದೆಯಿಂದ ಹಿಂದಕ್ಕೆ ಬನ್ನಿ. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ, 2560×1440ರಲ್ಲಿ 36.9 ಲಕ್ಷ. ಎರಡನೆಯದನ್ನು ಕೊಂಡ ಕ್ಷಣದಿಂದ ಗ್ರಾಫಿಕ್ಸ್ ಕಾರ್ಡ್ ಪ್ರತಿ ಚಿತ್ರಕ್ಕೂ ಮುಕ್ಕಾಲು ಪಾಲು ಹೆಚ್ಚು ದುಡಿಯಬೇಕು. ‘ಉಳಿದ ಹಣದಲ್ಲಿ ದೊಡ್ಡ ಮಾನಿಟರ್’ ಎಂಬ ಸಲಹೆ ಕೆಟ್ಟದಾಗುವುದು ಇಲ್ಲಿ: ದುರ್ಬಲ ಕಾರ್ಡಿನ ಮೇಲೆ ಹೆಚ್ಚಿನ ಹೊರೆ. ನಿಮ್ಮ ಬಜೆಟ್ಟಿಗೆ ಸರಿಹೊಂದುವುದು 24 ಇಂಚಿನ, 1080 ಸಾಲುಗಳ, ಐಪಿಎಸ್ ಪ್ಯಾನೆಲ್‌ನ, ಕನಿಷ್ಠ 144 ಹರ್ಟ್ಜ್‌ನ, ಅಡಾಪ್ಟಿವ್ ಸಿಂಕ್ (ಕಾರ್ಡಿನ ವೇಗಕ್ಕೆ ಪರದೆ ಹೊಂದಿಕೊಳ್ಳುವ ಸೌಲಭ್ಯ) ಇರುವ ಮಾನಿಟರ್. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ವ್ಯಾಲರಂಟ್‌ನಂಥ ಆಟದಲ್ಲಿ ಮೂಲೆಯಿಂದ ಎದುರಾಳಿ ಹೊರಬರುವಾಗ ಈ ಅಂತರ ಕಣ್ಣಿಗೆ ಬೀಳುತ್ತದೆ. ಬಾಗಿದ ಪರದೆ, 27 ಇಂಚು ಇವೆಲ್ಲ ಈಗ ಬೇಡ. 1080 ಸಾಲುಗಳು 27 ಇಂಚಿಗೆ ಹರಡಿದರೆ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ, ನೀವು ಇದೇ ಪರದೆಯಲ್ಲಿ ಪ್ರೋಗ್ರಾಂ ಬರೆಯುವವರೂ ಹೌದಲ್ಲ.

ಅಂಗಡಿಯ ದರ ವಾರವಾರಕ್ಕೂ ಬದಲಾಗುವುದರಿಂದ ರೂಪಾಯಿಗಿಂತ ಪಾಲಿನ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಟ್ಟು ಹಣದಲ್ಲಿ ಮೂರನೇ ಒಂದು ಪಾಲು, ಅಂದರೆ ಸುಮಾರು 25 ಸಾವಿರ, ಗ್ರಾಫಿಕ್ಸ್ ಕಾರ್ಡಿಗೆ ಎತ್ತಿಡಿ. ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಎರಡಕ್ಕೂ ಸೇರಿ ಕಾಲು ಪಾಲು. ಮಾನಿಟರ್‌ಗೆ ಎಂಟನೇ ಒಂದು ಪಾಲು, ತುಸು ಹೆಚ್ಚಾದರೂ ಸರಿ. ಉಳಿದದ್ದರಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್. ಎಲ್ಲವೂ ಒಂದೇ ದಿನ ಪಾಲಿನೊಳಗೆ ಸಿಗದು. ಎಳೆದಾಟ ಬಂದಾಗ ನನ್ನ ನಿಯಮ ಒಂದೇ: ನಾಳೆ ಸುಲಭವಾಗಿ ಸೇರಿಸಬಹುದಾದ ವಸ್ತುವಿನಲ್ಲಿ ಇವತ್ತು ಉಳಿಸಿ. ಎಸ್‌ಎಸ್‌ಡಿ ಇನ್ನೊಂದು ಸೇರಿಸಬಹುದು, ಕ್ಯಾಬಿನೆಟ್ ಯಾವಾಗ ಬೇಕಾದರೂ ಬದಲಿಸಬಹುದು. ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಕೆಳಗಿಳಿಸಿ ಕೊಂಡರೆ ಮಾತ್ರ ಆ ನಷ್ಟವನ್ನು ಪ್ರತಿ ಸಂಜೆ ನೋಡುತ್ತ ಕೂರಬೇಕು.

ಕಾರ್ಡಿನ ವಿಷಯಕ್ಕೇ ಬರೋಣ. ನಿಮ್ಮ ದರದ ಸುತ್ತ ಸುಳಿದಾಡುವ ಹೆಸರುಗಳು ಇವು: ಎಎಂಡಿಯ ಆರ್‌ಎಕ್ಸ್ 6600, ಆರ್‌ಎಕ್ಸ್ 7600, ಎನ್‌ವಿಡಿಯಾದ ಆರ್‌ಟಿಎಕ್ಸ್ 4060, ಅದರ ನಂತರ 2025ರ ಮೇ ತಿಂಗಳಲ್ಲಿ ಬಂದ ಆರ್‌ಟಿಎಕ್ಸ್ 5060. ಎಲ್ಲವೂ 8 ಜಿಬಿ ಮೆಮೊರಿಯವು. 2025ರ ಜೂನ್‌ನಲ್ಲಿ ಬಂದ ಆರ್‌ಎಕ್ಸ್ 9060 ಎಕ್ಸ್‌ಟಿ 8 ಜಿಬಿಯಲ್ಲೂ 16 ಜಿಬಿಯಲ್ಲೂ ಇದೆ. 16ರದು ಕೈಗೆಟುಕಿದರೆ ಎರಡು ಮಾತಿಲ್ಲದೆ ಅದೇ, ಆದರೆ ಅದು ನಿಮ್ಮ ಮೂರನೇ ಒಂದು ಪಾಲನ್ನು ಮೀರುವ ಸಂಭವವೇ ಹೆಚ್ಚು. ವ್ಯಾಲರಂಟ್‌ಗೆ ಇವುಗಳಲ್ಲಿ ಅತಿ ಅಗ್ಗದ್ದೂ ಸಾಕೋ ಸಾಕು, ಆ ಆಟ ನೆಚ್ಚುವುದು ಪ್ರೊಸೆಸರನ್ನು. ಜಿಟಿಎ 5ಕ್ಕೂ ತೊಂದರೆಯಿಲ್ಲ. ಇವುಗಳ ನಡುವೆ ನಿಜವಾದ ಆಯ್ಕೆ ಎದುರಾಗುವುದು ಸೈಬರ್‌ಪಂಕ್‌ನಲ್ಲಿ. ರೇ ಟ್ರೇಸಿಂಗ್ (ಬೆಳಕು, ನೆರಳು, ಪ್ರತಿಫಲನಗಳನ್ನು ನಿಜದಂತೆ ಲೆಕ್ಕಹಾಕುವ ವಿಧಾನ) ಚಾಲೂ ಮಾಡಿ, ಡಿಎಲ್‌ಎಸ್‌ಎಸ್‌ನಿಂದ ಚಿತ್ರವನ್ನು ಹಿಗ್ಗಿಸಿಕೊಂಡು ಆಡುವ ಮನಸ್ಸಿದ್ದರೆ ಆರ್‌ಟಿಎಕ್ಸ್. ಡಿಎಲ್‌ಎಸ್‌ಎಸ್ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಮಾತ್ರ ನಡೆಯುತ್ತದೆ. ಆ ಬೆಳಕಿನಾಟವೆಲ್ಲ ಬೇಡ, ಕೊಟ್ಟ ಹಣಕ್ಕೆ ಹೆಚ್ಚು ಫ್ರೇಮ್ ಬಂದರೆ ಸಾಕು ಎನ್ನುವುದಾದರೆ ಆರ್‌ಎಕ್ಸ್. ನಿಮ್ಮ ಜಾಗದಲ್ಲಿ ನಾನಿದ್ದರೆ, 4060 ಅಥವಾ 5060ಕ್ಕೂ 7600ಕ್ಕೂ ನಡುವಿನ ಅಂತರ ಮೂರು ಸಾವಿರದೊಳಗಿದ್ದಾಗ ಆರ್‌ಟಿಎಕ್ಸ್ ಕೊಳ್ಳುತ್ತೇನೆ, ಹೆಚ್ಚಿದ್ದಾಗ ಆರ್‌ಎಕ್ಸ್. ಹೊಸ ಆಟಗಳಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ‘ಅಲ್ಟ್ರಾ’ಕ್ಕೆ ಏರಿಸಿದರೆ 8 ಜಿಬಿ ತುಂಬಿಹೋಗಿ ಆಟ ತಡವರಿಸುತ್ತದೆ. ಒಂದು ಹಂತ ಇಳಿಸಿ ಆಡಿ. ಓಡುವಾಗ ಆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ.

ಇಂಟೆಲ್‌ನ ಆರ್ಕ್ ಬಿ580 ಬಗ್ಗೆಯೂ ಯಾರಾದರೂ ಹೇಳುತ್ತಾರೆ. 12 ಜಿಬಿ ಮೆಮೊರಿ, ಆಕರ್ಷಕ ದರ. ಒಳ್ಳೆಯ ಕಾರ್ಡೇ ಹೌದು, ಆದರೆ ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಲೇ ತಲುಪುವ) ಸೌಲಭ್ಯವಿರುವ ಬೋರ್ಡ್ ಬೇಕು. ಅಗ್ಗದ ಪ್ರೊಸೆಸರ್ ಜೊತೆಗೆ ಹಾಕಿದಾಗ ಕೆಲವು ಆಟಗಳಲ್ಲಿ ಅದರ ವೇಗ ಕುಸಿಯುವುದೂ ಪರೀಕ್ಷೆಗಳಲ್ಲಿ ಕಂಡಿದೆ. ನಿಮಗೆ ನಾನು ಸೂಚಿಸಲಿರುವ ಪ್ರೊಸೆಸರ್ ಆ ಗುಂಪಿನಲ್ಲೇ ಬರುವುದರಿಂದ ಈ ಜೋಡಿ ಬೇಡ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೇಳಿದಿರಿ. ತಾತ್ವಿಕವಾಗಿ ನನ್ನ ವಿರೋಧವಿಲ್ಲ, ಆದರೆ ಯಾವ ಕಾರ್ಡ್ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಜಿಟಿಎಕ್ಸ್ 1060, 1070, 1080 ಒಂದು ಕಾಲದ ರಾಜರು. ಎನ್‌ವಿಡಿಯಾ ಆ ಪೀಳಿಗೆಗೆ ಹೊಸ ಆಟಗಳ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ರೇ ಟ್ರೇಸಿಂಗ್ ಇಲ್ಲದ ಕಾರ್ಡಿನಲ್ಲಿ ಇನ್ನು ಕೆಲವು ಆಟಗಳು ತೆರೆಯುವುದೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ, 2025ರ ಡೂಮ್ ಎರಡಕ್ಕೂ ಅದು ಕಡ್ಡಾಯ. ಅಗ್ಗವೆಂದು ಎಲ್ಲೆಲ್ಲೂ ಕಾಣುವ ಆರ್‌ಎಕ್ಸ್ 580ರಲ್ಲಿ ಇನ್ನೊಂದು ಕಣ್ಕಟ್ಟು: ಅಸಲಿ 580ರಲ್ಲಿ 2304 ಶೇಡರ್ ಕೋರ್‌ಗಳಿದ್ದರೆ, ‘2048ಎಸ್‌ಪಿ’ ಎಂಬ ಸಣ್ಣಕ್ಷರ ಹೊತ್ತ ಕಾರ್ಡಿನೊಳಗೆ ಇರುವುದು ಅದಕ್ಕಿಂತ ದುರ್ಬಲವಾದ 570ರ ಅಳತೆಯ ಚಿಪ್. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ಹಣದ ಗಣಿಗಾರಿಕೆ (ಗ್ರಾಫಿಕ್ಸ್ ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ಆ ಹಣ ಗಳಿಸುವುದು) ನಿಂತಾಗ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ರಾಶಿರಾಶಿಯಾಗಿ ಹೊರಬಂದವು, ಅವುಗಳಲ್ಲಿ ಕೆಲವು ಈಗಲೂ ಕೈಯಿಂದ ಕೈಗೆ ತಿರುಗುತ್ತಿವೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಆರ್‌ಟಿಎಕ್ಸ್ 3060ರ 12 ಜಿಬಿ ಅಥವಾ ಆರ್‌ಎಕ್ಸ್ 6600ಕ್ಕಿಂತ ಹಿಂದಿನದಕ್ಕೆ ಹೋಗಬೇಡಿ. ಮೂಲ ಬಿಲ್ ಕೇಳಿ, ಕ್ರಮಸಂಖ್ಯೆ ಹೊಂದುತ್ತದೆಯೇ ನೋಡಿ, ಮಾರುವವರ ಯಂತ್ರದಲ್ಲೇ ಅರ್ಧ ಗಂಟೆ ಭಾರೀ ಆಟವೊಂದನ್ನು ಓಡಿಸಿ ನೋಡಿ. ಇದಕ್ಕೆ ಒಪ್ಪದವರಿಂದ ಏನನ್ನೂ ಕೊಳ್ಳಬೇಕಿಲ್ಲ.

ಪ್ರೊಸೆಸರ್‌ಗೆ ಇಷ್ಟು ಯೋಚನೆ ಬೇಕಿಲ್ಲ. ಎಎಂಡಿಯ ರೈಜೆನ್ 5 5600 ಅಥವಾ ಇಂಟೆಲ್‌ನ ಐ5-12400ಎಫ್. ಎರಡೂ 2022ರವು, ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್, ಎರಡರ ಪೆಟ್ಟಿಗೆಯಲ್ಲೂ ಫ್ಯಾನ್ ಬರುತ್ತದೆ. ಖರೀದಿಯ ದಿನ ಬೋರ್ಡ್ ಸೇರಿ ಯಾವ ಜೋಡಿ ಅಗ್ಗವೋ ಅದು. ಹೆಸರಿನ ಬಾಲದ ಮೇಲೆ ಮಾತ್ರ ಕಣ್ಣಿಡಿ. ‘5600’ ಕೇಳಿದರೆ ‘5600ಜಿ’ ಕೊಟ್ಟು, ಇದರಲ್ಲಿ ಗ್ರಾಫಿಕ್ಸ್ ಒಳಗೇ ಇದೆ, ಇನ್ನೂ ಒಳ್ಳೆಯದು ಎನ್ನುವವರಿದ್ದಾರೆ. ಜಿ ಮಾದರಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿಯ ಬದಲು 16 ಎಂಬಿ, ಪಿಸಿಐಇ (ಪ್ರೊಸೆಸರ್‌ಗೂ ಕಾರ್ಡಿಗೂ ನಡುವಿನ ದಾರಿ) 4.0 ಬದಲು 3.0. ಪ್ರತ್ಯೇಕ ಕಾರ್ಡ್ ಹಾಕುವ ನಿಮಗೆ ಅದು ಹಿನ್ನಡೆ. ಇಂಟೆಲ್‌ನ ‘ಎಫ್’ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡ್ ಕೆಟ್ಟ ದಿನ ಪರದೆ ಕಪ್ಪಾಗುತ್ತದೆ ಎಂಬುದನ್ನು ತಿಳಿದೇ ಕೊಳ್ಳಿ. ಸಾದಾ 5600ಕ್ಕೂ ಇದೇ ಮಾತು.

ರೈಜೆನ್ 5600 ಕೂರುವ ಎಎಂ4 ಸಾಕೆಟ್ ಹಳೆಯದಾಯಿತು, ಎಎಂ5 ತೆಗೆದುಕೊಳ್ಳಿ, ಮುಂದೆ ಪ್ರೊಸೆಸರ್ ಬದಲಿಸಬಹುದು ಎಂಬ ಉಪದೇಶ ನಿಮಗೆ ಖಂಡಿತ ಸಿಗುತ್ತದೆ. ತಪ್ಪಲ್ಲ. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಆದರೆ ಆ ಸಾಕೆಟ್ ಡಿಡಿಆರ್5 ರ‍್ಯಾಮನ್ನು ಮಾತ್ರ ಒಪ್ಪುತ್ತದೆ, ಬೋರ್ಡೂ ದುಬಾರಿ. ಮುಂದೆಂದೋ ಬದಲಿಸುವ ಅನುಕೂಲಕ್ಕಾಗಿ ಇವತ್ತಿನ ಗ್ರಾಫಿಕ್ಸ್ ಕಾರ್ಡಿನಿಂದ ಏಳೆಂಟು ಸಾವಿರ ಕಿತ್ತುಕೊಡುವುದು ಈ ಬಜೆಟ್ಟಿನಲ್ಲಿ ಬುದ್ಧಿವಂತಿಕೆ ಎನಿಸುವುದಿಲ್ಲ. ಇಷ್ಟು ಹಣದಲ್ಲಿ ಕಟ್ಟಿದ ಯಂತ್ರವನ್ನು ಜನ ಐದಾರು ವರ್ಷ ಹಾಗೆಯೇ ಓಡಿಸಿ, ಆಮೇಲೆ ಬೋರ್ಡ್ ಸಮೇತ ಬದಲಿಸುತ್ತಾರೆ. ಬಜೆಟ್ 95 ಸಾವಿರವಾಗಿದ್ದರೆ ನಾನೇ ಎಎಂ5 ಎನ್ನುತ್ತಿದ್ದೆ.

ಬೋರ್ಡ್: ರೈಜೆನ್‌ಗೆ ಬಿ550, ಇಂಟೆಲ್‌ಗೆ ಡಿಡಿಆರ್4 ಸ್ಲಾಟ್ ಇರುವ ಬಿ660 ಅಥವಾ ಬಿ760. ಎ520ರಲ್ಲಿ ಸಾವಿರ, ಎರಡು ಸಾವಿರ ಉಳಿಯುತ್ತದೆ, ಆದರೆ ಅದರಲ್ಲಿರುವುದು ಪಿಸಿಐಇ 3.0. ಮೇಲೆ ಹೇಳಿದ 6600, 7600, 4060 ಕಾರ್ಡ್‌ಗಳು ಪಿಸಿಐಇಯ ಹದಿನಾರು ಲೇನ್‌ಗಳ (ದತ್ತಾಂಶ ಸಾಗುವ ಸಾಲು) ಬದಲು ಎಂಟೇ ಲೇನ್ ಬಳಸುತ್ತವೆ. ಲೇನೂ ಅರ್ಧ, ವೇಗವೂ ಅರ್ಧ ಎಂದಾದಾಗ, ಅದರಲ್ಲೂ 8 ಜಿಬಿ ತುಂಬಿ ತುಳುಕುವ ಆಟಗಳಲ್ಲಿ, ಕಾರ್ಡ್ ಏದುಸಿರು ಬಿಡುತ್ತದೆ. ಬಿ450 ಬೋರ್ಡ್ ಅಗ್ಗಕ್ಕೆ ಸಿಕ್ಕರೂ ಅದೂ ಪಿಸಿಐಇ 3.0, ಸಾಲದ್ದಕ್ಕೆ, ಬಯಾಸ್ (ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶ) ಹಳೆಯದಿದ್ದರೆ 5600 ಅದರಲ್ಲಿ ಏಳುವುದೇ ಇಲ್ಲ.

ಈಗ ಎಲ್ಲರ ಲೆಕ್ಕವನ್ನೂ ಬುಡಮೇಲು ಮಾಡಿರುವ ರ‍್ಯಾಮ್. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಿಗಿಯಿತು. ಜಗತ್ತಿನ ಡಿರ‍್ಯಾಮ್ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳ ಕೈಯಲ್ಲಿದೆ. ಕೃತಕ ಬುದ್ಧಿಮತ್ತೆಯ ಸರ್ವರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚೆಂದು ಕಾರ್ಖಾನೆಗಳು ಅತ್ತ ವಾಲಿದವು. ಕ್ರೂಶಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ವ್ಯವಹಾರದಿಂದಲೇ ಹೊರನಡೆಯುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹೀಗಾಗಿ ಹಳೆಯ ವಿಡಿಯೊಗಳಲ್ಲಿ ಕಾಣುವ ‘ಇಷ್ಟು ಸಾವಿರಕ್ಕೆ ಇಡೀ ಕಂಪ್ಯೂಟರ್’ ಪಟ್ಟಿಗಳನ್ನು ನಂಬಿಕೊಂಡು ಹೊರಡಬೇಡಿ, ರ‍್ಯಾಮ್ ಸಾಲಿನಲ್ಲೇ ಅವು ಮುರಿದುಬೀಳುತ್ತವೆ. ನಿಮಗೆ ಬೇಕಾದದ್ದು 16 ಜಿಬಿ, ಡಿಡಿಆರ್4, 3200ರ ವೇಗ, ಎಂಟೆಂಟು ಜಿಬಿಯ ಎರಡು ಕಡ್ಡಿ. ಒಂದೇ ಕಡ್ಡಿ ಹಾಕಿದರೆ ಪ್ರೊಸೆಸರ್‌ನ ಎರಡು ದಾರಿಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ. 32 ಜಿಬಿ ಈಗ ಬೇಡ.

ಸೆಕೆಂಡ್ ಹ್ಯಾಂಡ್‌ನಲ್ಲಿ ನಾನು ಧೈರ್ಯವಾಗಿ ಕೊಳ್ಳುವ ಒಂದು ವಸ್ತುವಿದ್ದರೆ ಅದು ಡಿಡಿಆರ್4 ರ‍್ಯಾಮ್. ಅದರಲ್ಲಿ ತಿರುಗುವ, ಸವೆಯುವ ಭಾಗವಿಲ್ಲ. ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್ ಡ್ರೈವ್‌ನಿಂದ ಒಂದು ರಾತ್ರಿ ಓಡಿಸಿ, ಒಂದೂ ದೋಷ ಬರದಿದ್ದರೆ ನಿಶ್ಚಿಂತೆ. ಹಳೆಯ ಎಸ್‌ಎಸ್‌ಡಿ, ಹಳೆಯ ಎಸ್‌ಎಂಪಿಎಸ್ ಮಾತ್ರ ಎಷ್ಟೇ ಅಗ್ಗವಾದರೂ ಬೇಡ, ಅವು ಸವೆಯುವ ವಸ್ತುಗಳೇ.

ಎಸ್‌ಎಸ್‌ಡಿ ಒಂದು ಟಿಬಿಯ ಎನ್‌ವಿಎಂಇ (ಪಿಸಿಐಇ ದಾರಿ ಬಳಸುವ ವೇಗದ ಬಗೆ) ಆದರೆ ಚೆನ್ನ. ಸೈಬರ್‌ಪಂಕ್ ಒಂದೇ 70 ಜಿಬಿ ಕೇಳುತ್ತದೆ, ಜಿಟಿಎ 5 ಅದಕ್ಕಿಂತಲೂ ಹೆಚ್ಚು. ಹಣ ಸಾಲದಿದ್ದರೆ 500 ಜಿಬಿಯಿಂದ ಶುರುಮಾಡಿ. ಪೆಟ್ಟಿಗೆಯ ಮೇಲಿನ ಸೆಕೆಂಡಿಗೆ 7000 ಎಂಬಿ ಎಂಬ ಅಂಕಿಗೆ ಮರುಳಾಗಬೇಡಿ. 3500ರ ಡ್ರೈವ್‌ನಲ್ಲೂ ಆಟಗಳು ತೆರೆಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ.

ಕರೆಂಟಿನ ವಿಚಾರವೇ ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವೆನಿಸಿದ್ದು. ಎಸ್‌ಎಂಪಿಎಸ್ ಮೇಲೆ ‘500 ವ್ಯಾಟ್’ ಎಂದು ದೊಡ್ಡದಾಗಿ ಬರೆದಿರುತ್ತದೆ. ಪಕ್ಕಕ್ಕೆ ತಿರುಗಿಸಿ ಸಣ್ಣಕ್ಷರದ ಕೋಷ್ಟಕ ನೋಡಿ: +12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ? ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ ಸಾಲಿನಿಂದ. ಅಲ್ಲಿ 16 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ, 192 ವ್ಯಾಟ್. ಹೊರಗೆ ಏನೇ ಬರೆದಿರಲಿ, ನಿಮ್ಮ ಪಾಲಿಗೆ ಅದು 192 ವ್ಯಾಟ್‌ನ ಪೆಟ್ಟಿಗೆ. ಒಳ್ಳೆಯ 550 ವ್ಯಾಟ್‌ನದರಲ್ಲಿ ಅದೇ ಜಾಗದಲ್ಲಿ ಸುಮಾರು 45 ಆಂಪಿಯರ್ ಇರುತ್ತದೆ. 4060ಕ್ಕೂ 7600ಕ್ಕೂ ಅವುಗಳ ಕಂಪನಿಗಳೇ 550 ವ್ಯಾಟ್ ಸೂಚಿಸಿವೆ. ನಿಮ್ಮ ಯಂತ್ರ ಅಷ್ಟನ್ನು ಎಳೆಯುವುದಿಲ್ಲ. 4060 ಕಾರ್ಡಿಗೆ 115 ವ್ಯಾಟ್, 5600ಕ್ಕೆ ಹೆಚ್ಚೆಂದರೆ 76. ಉಳಿದದ್ದು ಕ್ಷಣಿಕ ಏರಿಳಿತಕ್ಕೂ ವಯಸ್ಸಿಗೂ ಬಿಟ್ಟ ಜಾಗ. ‘80 ಪ್ಲಸ್ ಬ್ರಾಂಜ್’ ಮುದ್ರೆಯಿರಲಿ, ಆದರೆ ಅದು ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ವೋಲ್ಟೇಜ್ ಏರಿದಾಗ ಕೈಕೊಡದೆ ಕಾಯುತ್ತದೆಯೇ ಎಂಬುದಕ್ಕೆ ಆ ಮುದ್ರೆ ಸಾಕ್ಷಿಯಲ್ಲ. ಅದಕ್ಕೆ ಹೆಸರುವಾಸಿ ಕಂಪನಿ, ಐದು ವರ್ಷದ ವಾರಂಟಿ ಇರುವುದನ್ನೇ ಆರಿಸಿ. ಕ್ಯಾಬಿನೆಟ್ ಜೊತೆಗೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಬಳಸಬೇಡಿ.

ಇನ್ವರ್ಟರ್ ಸಾಕೇ ಎಂದರೆ, ಯಾವ ಇನ್ವರ್ಟರ್ ಎಂದು ಕೇಳಬೇಕಾಗುತ್ತದೆ. ಮೊದಲನೆಯದಾಗಿ ಅದು ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾದ ಅಲೆಯ ವಿದ್ಯುತ್ ಕೊಡುವುದು) ಆಗಿರಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೂ ಆಕ್ಟಿವ್ ಪಿಎಫ್‌ಸಿ (ವಿದ್ಯುತ್ತನ್ನು ಅಲೆಗೆ ತಕ್ಕಂತೆ ಎಳೆಯುವ ಸರ್ಕಿಟ್) ಇರುವ ಈಗಿನ ಎಸ್‌ಎಂಪಿಎಸ್‌ಗೂ ಆಗಿಬರುವುದಿಲ್ಲ. ಎರಡನೆಯದು, ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವ ಹೊತ್ತು. ಪೂರ್ಣ ಹೊರೆಯಲ್ಲಿ ಎಸ್‌ಎಂಪಿಎಸ್ ಒಳಗಿನ ಶೇಖರಣೆ ತಡೆದುಕೊಳ್ಳಬೇಕಾದದ್ದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಇದಕ್ಕಿಂತ ನಿಧಾನವಾದರೆ ಕಂಪ್ಯೂಟರ್ ಮರುಪ್ರಾರಂಭವಾಗುತ್ತದೆ. ಬಹಳಷ್ಟು ಮನೆ ಇನ್ವರ್ಟರ್‌ಗಳ ಹಿಂಬದಿಯಲ್ಲಿ ‘ಯುಪಿಎಸ್’ ಎಂಬ ಸ್ವಿಚ್ ಇರುತ್ತದೆ, ಅದನ್ನು ಆ ಕಡೆಗೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಹಾಕಿ ನೋಡಿ, ಆಗಲೂ ಯಂತ್ರ ಆರಿದರೆ ಮಾತ್ರ ಪ್ರತ್ಯೇಕ ಯುಪಿಎಸ್ ಕೊಳ್ಳಿ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್‌ನಷ್ಟು. ಮಾನಿಟರ್ ಸೇರಿ ಆಟದ ಹೊರೆಗೆ ಅದು ಅಂಚಿನಲ್ಲಿ ನಿಲ್ಲುತ್ತದೆ, 1000 ವಿಎ ಆದರೆ ನೆಮ್ಮದಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಒಮ್ಮೆ ನೋಡಿಸಿ, ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುವುದು ಸಹಜವಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಿ. ಜೊತೆಗೆ ರೂಟರ್‌ನಿಂದ ಬರುವ ನೆಟ್‌ವರ್ಕ್ ಕೇಬಲ್ಲನ್ನೂ ಕೀಳಿ. ಸಿಡಿಲಿನ ಏಟು ಆ ತಾಮ್ರದ ತಂತಿಯಿಂದಲೂ ಒಳಗೆ ಬರುತ್ತದೆ.

ಕ್ಯಾಬಿನೆಟ್‌ಗೆ ಮುಂಭಾಗದಲ್ಲಿ ಜಾಲರಿ ಇರಲಿ, ಗಾಜು ಬೇಡ. ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಸಾಕು. ಬಣ್ಣದ ದೀಪಗಳ ಬಗ್ಗೆ ನನಗೆ ಅಭಿಪ್ರಾಯವಿದೆ, ಆದರೆ ಅದು ನಿಮ್ಮ ಕೋಣೆ.

ಕೊಳ್ಳುವುದು ಎಲ್ಲಿ? ಶಿವಮೊಗ್ಗದಲ್ಲೊಂದು ದರ ಕೇಳಿ, ಆನ್‌ಲೈನ್‌ನಲ್ಲಿ ನೋಡಿ, ಆಮೇಲೆ ಬೇಕಾದರೆ ತಾಳಗುಪ್ಪದ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ. ಅಲ್ಲಿ ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಂಡರೆ ದರ ಇಳಿಯುತ್ತದೆ, ಜೋಡಿಸಿಯೂ ಕೊಡುತ್ತಾರೆ. ‘ಬಿಲ್ ಬೇಡವೆಂದರೆ ಇಷ್ಟು ಕಡಿಮೆ’ ಎಂಬ ಮಾತು ಕೇಳಿಬಂದರೆ ಒಪ್ಪಬೇಡಿ. ಶೇ 18ರ ಜಿಎಸ್‌ಟಿ ಉಳಿಯಿತೆಂದು ಖುಷಿಪಟ್ಟವರಿಗೆ ಕಾರ್ಡ್ ಕೆಟ್ಟಾಗ ಕೈಯಲ್ಲಿ ತೋರಿಸಲು ಕಾಗದವೇ ಇರುವುದಿಲ್ಲ. ಪ್ರತಿ ವಸ್ತುವಿನ ಪೂರ್ತಿ ಮಾದರಿ ಮತ್ತು ಕ್ರಮಸಂಖ್ಯೆ ಬಿಲ್‌ನಲ್ಲೇ ಬರಬೇಕು. ಹೊರದೇಶದಿಂದ ನೇರವಾಗಿ ತಂದ ಕಾರ್ಡ್ ಅಗ್ಗವಿರುತ್ತದೆ, ಆದರೆ ಭಾರತದಲ್ಲಿ ವಾರಂಟಿ ಉಂಟೋ ಇಲ್ಲವೋ ಎಂದು ಕಂಪನಿಯ ಜಾಲತಾಣದಲ್ಲಿ ಕ್ರಮಸಂಖ್ಯೆ ಹಾಕಿ ನೋಡಿಯೇ ಹಣ ಕೊಡಿ.

ಜೋಡಣೆ ನೀವೇ ಮಾಡಿದರೆ ನನಗೆ ಸಂತೋಷ. ಒಂದು ಮಧ್ಯಾಹ್ನದ ಕೆಲಸ, ಬೇಕಾದದ್ದು ಒಂದು ಸ್ಕ್ರೂ ಡ್ರೈವರ್. ಎಎಂ4 ಪ್ರೊಸೆಸರ್‌ನ ಅಡಿಯಲ್ಲಿ ಸೂಜಿಯಂಥ ಪಿನ್‌ಗಳಿವೆ. ಒತ್ತದೆ, ತನ್ನ ಭಾರಕ್ಕೆ ತಾನೇ ಇಳಿಯುವಂತೆ ಇಡಿ. ರ‍್ಯಾಮ್ ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಸಾಮಾನ್ಯವಾಗಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಎಸ್‌ಎಂಪಿಎಸ್‌ನಿಂದ ಬರುವ ಎಂಟು ಪಿನ್‌ಗಳ ಎರಡು ಬಗೆಯ ತಂತಿಗಳಿರುತ್ತವೆ: ನಾಲ್ಕು ನಾಲ್ಕಾಗಿ ಒಡೆಯುವುದು ಪ್ರೊಸೆಸರ್‌ಗೆ, ಆರು ಎರಡಾಗಿ ಒಡೆಯುವುದು ಕಾರ್ಡಿಗೆ. ಬೇರೆ ಎಸ್‌ಎಂಪಿಎಸ್‌ನ ಬಿಡಿ ತಂತಿಯನ್ನು ತಂದು ಎಂದೂ ಸಿಕ್ಕಿಸಬೇಡಿ. ಆಕಾರ ಒಂದೇ ಇದ್ದರೂ ಒಳಗಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ಒಮ್ಮೆ ಸ್ವಿಚ್ ಹಾಕಿದರೆ ಬೋರ್ಡ್ ಸುಟ್ಟುಹೋಗುತ್ತದೆ.

ಯಂತ್ರ ಚಾಲೂ ಆದ ದಿನವೇ ನಾಲ್ಕು ಕೆಲಸ ಮುಗಿಸಿಬಿಡಿ. ಮಾನಿಟರ್ ತಂತಿ ಬೋರ್ಡಿಗಲ್ಲದೆ ಗ್ರಾಫಿಕ್ಸ್ ಕಾರ್ಡಿಗೆ ಸೇರಿದೆಯೇ ನೋಡಿ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಚಾಲೂ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಅಲ್ಲೇ ಟಿಪಿಎಂ, ಸೆಕ್ಯೂರ್ ಬೂಟ್ ಚಾಲೂ ಮಾಡಿದರೆ ವ್ಯಾಲರಂಟ್ ತಕರಾರು ಮಾಡದು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ದರವನ್ನು 144ಕ್ಕೆ ಏರಿಸಿ. ವರ್ಷಗಟ್ಟಲೆ 60ರಲ್ಲೇ ಆಡುತ್ತ ‘ಹೊಸ ಮಾನಿಟರ್‌ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ’ ಎನ್ನುವವರು ಬೇಕಾದಷ್ಟಿದ್ದಾರೆ. ವಿಂಡೋಸ್ ಪರವಾನಗಿಗೆ ಈಗ ಹಣವಿಲ್ಲದಿದ್ದರೆ ಆಕ್ಟಿವೇಟ್ ಮಾಡದೆಯೇ ಕೆಲವು ದಿನ ಬಳಸಿ, ಮೂಲೆಯಲ್ಲೊಂದು ಸೂಚನೆ ಕಾಣುತ್ತದೆ ಅಷ್ಟೇ. ಕ್ರ್ಯಾಕ್ ತಂತ್ರಾಂಶ ಹಾಕಿ ಯಂತ್ರದೊಳಗೆ ವೈರಸ್ ಕರೆತರಬೇಡಿ. ಮೊದಲ ವಾರ ಆದಷ್ಟು ಹೆಚ್ಚು ಹೊತ್ತು ಸೈಬರ್‌ಪಂಕ್ ಓಡಿಸಿ. ಕೆಡುವ ವಸ್ತು ಅಂಗಡಿಯವರು ಬದಲಿಸಿಕೊಡುವ ಅವಧಿಯೊಳಗೇ ಕೆಟ್ಟರೆ ಒಳ್ಳೆಯದು. ಅಲ್ಲಿಯವರೆಗೆ ಒಂದು ಪೆಟ್ಟಿಗೆಯನ್ನೂ ಅಟ್ಟಕ್ಕೆ ಹಾಕದೆ, ಬಿಲ್ ಜೊತೆಗೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.